ಕುಂಡದ ಗಿಡಕ್ಕೆ ಬೆಂಗಳೂರಿನ ಲೆಕ್ಕ ಇಲ್ಲಿ ಹೊಂದದು

ಸಂಪಾದಕರಿಗೆ,

ಮಾಳಿಗೆಯ ಮೇಲೆ, ಕಿಟಕಿಯಲ್ಲಿ ಗಿಡ ಬೆಳೆಸುವ ಬಗ್ಗೆ ಪತ್ರಿಕೆಗಳ ಪುರವಣಿಗಳಲ್ಲಿ ಬರುವ ಬರಹಗಳು ಬಹುಪಾಲು ಬೆಂಗಳೂರು, ಮೈಸೂರಿನ ಹವೆಗೆ ತಕ್ಕಂತೆ ಬರೆದವು. 34 ಡಿಗ್ರಿಗೇ ಉರಿಬಿಸಿಲು ಎನ್ನುವ ಊರಿನ ಸಲಹೆಯನ್ನು, ಏಪ್ರಿಲ್‌ನಲ್ಲಿ 42 ದಾಟುವ ಕಲಬುರಗಿ, ಯಾದಗಿರಿಯಲ್ಲಿ ಅಕ್ಷರಶಃ ಪಾಲಿಸಿದವರ ಮಾಳಿಗೆಯಲ್ಲಿ ಜೂನ್ ಹೊತ್ತಿಗೆ ಬರೀ ಕುಂಡಗಳು ಉಳಿದಿರುತ್ತವೆ. ಎತ್ತರದಲ್ಲಿರುವ ಬೀದರಿಗೆ ಒಂದೆರಡು ಡಿಗ್ರಿ ರಿಯಾಯಿತಿ ಇದೆ, ಅಷ್ಟೇ. ಇಲ್ಲಿನ ಬಿಸಿಲು, ಮಣ್ಣು, ನೀರು ಮೂರೂ ಬೇರೆ. ಆದ್ದರಿಂದ ಈ ಪತ್ರ.

ಮೊದಲು ಬಿಸಿಲಿನ ಮಾತು. ನೆಲದಲ್ಲಿರುವ ಗಿಡದ ಬೇರಿಗೆ ಬಿಸಿಲು ತಾಗುವುದಿಲ್ಲ. ಅರ್ಧ ಅಡಿ ಕೆಳಗಿನ ಮಣ್ಣು ಮಧ್ಯಾಹ್ನವೂ ತಂಪಾಗಿರುತ್ತದೆ. ಕುಂಡಕ್ಕೆ ಬಿಸಿಲು ಬೀಳುವುದು ಮಗ್ಗುಲಿಗೆ. ಪಶ್ಚಿಮಕ್ಕೆ ಮುಖ ಮಾಡಿದ ಕಪ್ಪು ಪ್ಲಾಸ್ಟಿಕ್ ಕುಂಡದ ಒಳಗೋಡೆಯ ಮಣ್ಣು ಮೇ ತಿಂಗಳ ಸಂಜೆ ನಾಲ್ಕರ ಹೊತ್ತಿಗೆ 45 ಡಿಗ್ರಿ ಮುಟ್ಟುವುದು ಸಾಮಾನ್ಯ. ನೀರು ಹೀರುವ ಎಳೆಬೇರುಗಳೆಲ್ಲ ಆ ಗೋಡೆಗೇ ಅಂಟಿಕೊಂಡಿರುತ್ತವೆ. ಕಾದ ಬೇರು ನೀರು ಎಳೆಯುವುದನ್ನು ನಿಲ್ಲಿಸುತ್ತದೆ. ಮಣ್ಣು ಹಸಿ ಇದ್ದರೂ ಎಲೆ ಜೋತು ಬೀಳುತ್ತದೆ. ಅದನ್ನು ಕಂಡ ಮನೆಯವರು ಬಾಯಾರಿದೆ ಎಂದು ಇನ್ನೊಂದು ಬಕೆಟ್ ಸುರಿಯುತ್ತಾರೆ. ಮಣ್ಣಿನ ಸಂದಿಯಲ್ಲಿದ್ದ ಗಾಳಿ ಹೊರಟುಹೋಗಿ, ಅರೆಬೆಂದ ಬೇರು ವಾರದೊಳಗೆ ಕೊಳೆಯುತ್ತದೆ. ಎಲೆ ಜೋತಿದ್ದರೆ ಮೊದಲು ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಬೇಕು. ಹಸಿ ಇದ್ದರೆ ಕುಂಡವನ್ನು ನೆರಳಿಗೆ ಸರಿಸಿ, ನೀರು ಬೇಡ.

ಕುಂಡ ಕಾಯದಂತೆ ನೋಡಿಕೊಳ್ಳಲು ಹೆಚ್ಚು ಖರ್ಚಿಲ್ಲ. ಹೊರಮೈಗೆ ಎರಡು ಸಲ ಸುಣ್ಣ ಬಳಿಯಿರಿ. ಕುಂಡಗಳನ್ನು ಬಿಡಿಬಿಡಿಯಾಗಿ ಇಡದೆ ಒತ್ತೊತ್ತಾಗಿ ಗುಂಪು ಮಾಡಿ, ಸಣ್ಣವನ್ನು ನಡುವೆ ಇಡಿ. ಕಾದ ಫರಸಿಯ ಮೇಲೆ ನೇರವಾಗಿ ಇಡದೆ ಕೆಳಗೆ ಎರಡು ಇಟ್ಟಿಗೆ ಕೊಡಿ. ಪಶ್ಚಿಮದ ಪ್ಯಾರಾಪೆಟ್ ಗೋಡೆಯ ಒಳಬುಡದಲ್ಲಿಟ್ಟರೆ ಬೆಳಗಿನ ಬಿಸಿಲು ಸಿಗುತ್ತದೆ, ಇಳಿಹೊತ್ತಿನ ಬಿಸಿಲು ತಪ್ಪುತ್ತದೆ. ಗೋಡೆ ಗಿಡ್ಡಾಗಿದ್ದರೆ ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿ. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ? ಬೆಲೆಬಾಳುವ ಗಿಡವಿದ್ದರೆ ಕುಂಡವನ್ನು ಇನ್ನೊಂದು ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ, ನಡುವಿನ ಎರಡಿಂಚು ಸಂದಿಗೆ ಉಸುಕು ತುಂಬಿ, ಉಸುಕನ್ನು ದಿನಾ ತೋಯಿಸಿ. ನೆರಳಿನ ಬಲೆ 50 ಪರ್ಸೆಂಟಿನದು (ಅರ್ಧ ಬಿಸಿಲು ತಡೆಯುವಂಥದ್ದು) ಸಾಕು, ಮಾರ್ಚ್ ಮೊದಲಿನಿಂದ ಜೂನ್‌ನ ಮಿರಗದ (ಮೃಗಶಿರಾ) ಮಳೆಯವರೆಗೆ. ಏಳು ಅಡಿ ಎತ್ತರಕ್ಕೆ ಕಟ್ಟಿ ಮಗ್ಗುಲು ತೆರೆದಿಡಿ, ಸುತ್ತಲೂ ಮುಚ್ಚಿದರೆ ಒಳಗೆ ಕಾವು ಕಟ್ಟುತ್ತದೆ. ಮಳೆಗಾಲದಲ್ಲೂ ಬಲೆ ಬಿಟ್ಟರೆ ಗಿಡ ಬಡಕಲಾಗಿ ಉದ್ದ ಬೆಳೆಯುತ್ತದೆ, ಹೂವು ಕಡಿಮೆ.

ಇನ್ನು ಮಣ್ಣು. ಹೊಲಕ್ಕೆ ಬಂಗಾರವಾದ ಎರೆಮಣ್ಣು ಕುಂಡಕ್ಕೆ ಶತ್ರು. ಅದರಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುತ್ತದೆ. ಕುಂಡದೊಳಗೆ ಕುಗ್ಗಿದಾಗ ಮಣ್ಣಿಗೂ ಗೋಡೆಗೂ ನಡುವೆ ಸಂದಿ ಬಿಡುತ್ತದೆ. ಹಾಕಿದ ನೀರು ಆ ಸಂದಿಯಿಂದ ಜಾರಿ ತೂತಿನಲ್ಲಿ ಹೊರಬರುತ್ತದೆ, ನಡುವಿನ ಗಡ್ಡೆ ಒಣಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಉಬ್ಬಿ ಉಸಿರು ಕಟ್ಟಿಸುತ್ತದೆ. ಕುಂಡಕ್ಕೆ ಬೀದರ, ಹುಮನಾಬಾದ್ ಕಡೆಯ ಕೆಂಪು ಮಣ್ಣು ತರಿಸುವುದು ಲೇಸು. (ಬಿದ್ರಿ ಕೆಲಸದವರ ಹಾಗೆ ಕೋಟೆಯ ಮಣ್ಣೇ ಬೇಕೆಂಬ ಹಟವೇನೂ ಬೇಡ.) ಕೆಂಪು ಮಣ್ಣು ಎರಡು ಬುಟ್ಟಿ, ದಪ್ಪ ಉಸುಕು ಒಂದು, ಕನಿಷ್ಠ ಆರು ತಿಂಗಳು ಕಳಿತ ಸಗಣಿ ಗೊಬ್ಬರ ಒಂದು, ಜೊತೆಗೆ 20 ಲೀಟರ್ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಭಾರ ಕಡಿಮೆ ಮಾಡಬೇಕಿದ್ದರೆ ಮಣ್ಣಿನ ಒಂದು ಪಾಲಿಗೆ ಬದಲು ತೆಂಗಿನ ನಾರಿನ ಪುಡಿ ಸೇರಿಸಿ. ಆ ಪುಡಿಯನ್ನು ಎರಡು ಸಲ ತೊಳೆದೇ ಬಳಸಬೇಕು, ಅದರಲ್ಲಿ ಉಪ್ಪು ಇರುತ್ತದೆ. ಯಾದಗಿರಿ ಕಡೆ ಅಕ್ಕಿ ಗಿರಣಿಯ ಬೂದಿ ಅಗ್ಗಕ್ಕೆ ಸಿಗುತ್ತದೆಂದು ತುಂಬುವವರಿದ್ದಾರೆ. ಮೊದಲೇ ಕ್ಷಾರವಾದ ನಮ್ಮ ನೀರಿಗೆ ಕ್ಷಾರದ ಬೂದಿ ಯಾಕೆ?

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ಎಲ್ಲ ಕಡೆ ಇದೆ. ಆಗುವುದು ತಿರುಗುಮುರುಗು. ಸಣ್ಣ ಸಂದಿನ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ; ಜಲ್ಲಿಯ ಮೇಲಿನ ಮಣ್ಣು ಪೂರ್ತಿ ತೊಯ್ದು ತೊಟ್ಟಿಕ್ಕಿದಾಗ ಮಾತ್ರ ಇಳಿಯುತ್ತದೆ. ಅಂದರೆ ಕೆಸರಿನ ಪದರ ಬೇರಿಗೆ ಇನ್ನಷ್ಟು ಹತ್ತಿರವಾಯಿತು. ತೂತಿನ ಮೇಲೆ ಸೊಳ್ಳೆಪರದೆಯ ತುಂಡೊಂದು ಸಾಕು.

ನೀರು. ಶಹಾಬಾದ್, ಚಿತ್ತಾಪುರ, ಸೇಡಂ ಸುಣ್ಣಕಲ್ಲಿನ ನೆಲ. ಅಲ್ಲಿನ ಕೊಳವೆಬಾವಿ ನೀರು ಕುಂಡದ ಅಂಚಿನಲ್ಲಿ ಬಿಳಿ ಹೊಟ್ಟು ಕಟ್ಟುತ್ತದೆ. ಸುಣ್ಣದ ನೀರಿನಲ್ಲಿ ಕಬ್ಬಿಣ ಗಿಡಕ್ಕೆ ದಕ್ಕುವುದಿಲ್ಲ. ನಿಂಬೆ, ದಾಸವಾಳ, ಗುಲಾಬಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಇದೇ ಕಾರಣ. ಹಳೆ ಎಲೆ ಹಳದಿಯಾದರೆ ಅದು ಬಹುಮಟ್ಟಿಗೆ ಸಾರಜನಕದ ಕೊರತೆ, ಎರಡನ್ನೂ ಕಲಸಬಾರದು. ಅಂಗಡಿಯವರು ಕೊಡುವ ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಇಂಥ ಮಣ್ಣಿಗೆ ಹಾಕಿದರೆ ಕೆಲವೇ ದಿನಗಳಲ್ಲಿ ನಿಷ್ಪ್ರಯೋಜಕ. ಲೀಟರಿಗೆ 5 ಗ್ರಾಂ ಕರಗಿಸಿ ನಾಲ್ಕು ಹನಿ ನಿಂಬೆರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಮಣ್ಣಿಗೇ ಕೊಡುವುದಾದರೆ ಕಬ್ಬಿಣದ ಚೀಲೇಟ್ (ಕಬ್ಬಿಣ ಮಣ್ಣಿನಲ್ಲಿ ಕೆಡದಂತೆ ಹಿಡಿದಿಡುವ ಗೊಬ್ಬರ) ಕೊಳ್ಳಿ, ಪೊಟ್ಟಣದ ಮೇಲೆ ‘ಇಡಿಡಿಎಚ್‌ಎ’ ಎಂದಿರಬೇಕು. ‘ಇಡಿಟಿಎ’ ಎಂದಿದ್ದರೆ ಅದು ಹುಳಿ (ಆಮ್ಲೀಯ) ಮಣ್ಣಿನ ಊರಿನದು. ಕುಡಿಯುವ ನೀರು ಶುದ್ಧಮಾಡುವ ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಉಳಿತಾಯವೆಂದು ಕುಂಡಕ್ಕೆ ಹಾಕುವುದು ಈಗ ಮನೆಮನೆಯ ರೂಢಿ. ಅದರಲ್ಲಿ ಉಪ್ಪು ಮೂಲ ನೀರಿಗಿಂತ ಹೆಚ್ಚಿರುತ್ತದೆ, ಎಲೆಯ ಅಂಚು ಸುಡುತ್ತದೆ. ನೆಲ ಒರೆಸಲು ಬಳಸಿರಿ. ತಿಂಗಳಿಗೊಮ್ಮೆ ತೂತಿನಿಂದ ಧಾರಾಳ ಹರಿಯುವಷ್ಟು ನೀರು ಕೊಟ್ಟು ಕೂಡಿದ ಉಪ್ಪನ್ನು ತೊಳೆಯಬೇಕು. ಮಳೆನೀರು ಹಿಡಿದಿಟ್ಟಿದ್ದರೆ ಅದೇ ಉತ್ತಮ.

ಇನ್ನೊಂದು ಸಣ್ಣ ಸಂಗತಿ, ಆದರೆ ಗಿಡ ಕೊಲ್ಲುವಂಥದ್ದು: ಮಧ್ಯಾಹ್ನ ಪೈಪಿನಲ್ಲಿ ನಿಂತ ನೀರು ಚಹಾ ಸೋಸುವಷ್ಟು ಬಿಸಿ. ಬೆಳಿಗ್ಗೆ ಎಂಟರೊಳಗೆ ನೀರು ಹಾಕಿ. ಸಂಜೆ ಹಾಕುವುದಾದರೆ ಪೈಪಿನ ಮೊದಲ ನೀರನ್ನು ಬಕೆಟ್ಟಿಗೆ ಬಿಟ್ಟು ಆರಿಸಿ. ಮಣ್ಣಿನ ಮೇಲೆ ಎರಡಿಂಚು ಕಬ್ಬಿನ ರವದಿ (ಒಣ ಸೋಗೆ) ಹೊದಿಸಿ, ಕಾಂಡಕ್ಕೆ ತಾಗದಂತೆ.

ಯಾವ ಗಿಡ? ದಾಳಿಂಬೆ, ಕಾಗದಿ ನಿಂಬೆ, ಅಂಜೂರ, ಪೇರಲ, ಸೀತಾಫಲ, ಕರಿಬೇವು ಇಲ್ಲಿ ಕುಂಡದಲ್ಲಿ ಬಾಳುತ್ತವೆ. ಕರಿಬೇವಿಗೆ 40 ಲೀಟರ್ ಸಾಕು, ಹಣ್ಣಿನ ಗಿಡಗಳಿಗೆ 200 ಲೀಟರಿನ ಡ್ರಮ್ಮನ್ನು ಅಡ್ಡ ಕೊಯ್ದ ಅರ್ಧ ಬೇಕು. ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದು ಕೇಳಿ ಕೊಳ್ಳಿ. ಔಷಧ, ರಾಸಾಯನಿಕದ್ದಾದರೆ ಬೇಡ. ತಳದಂಚಿನ ಸುತ್ತ ಬೆರಳು ದಪ್ಪದ ಎಂಟು ತೂತು ಕೊರೆಸಿ. ದಾಳಿಂಬೆ ಕಾಯಿ ಸೀಳುವುದಕ್ಕೆ ಬಹುಮಟ್ಟಿಗೆ ಕಾರಣ ಒಮ್ಮೆ ಒಣಗಿಸಿ ಒಮ್ಮೆ ಮುಳುಗಿಸುವುದು. ಹೂವಿಗೆ ಕಾಗದದ ಹೂ, ದೇವಕಣಗಿಲೆ, ದುಂಡುಮಲ್ಲಿಗೆ. ಬರೀ ಕಣಗಿಲೆ ಬೇರೆ ಗಿಡ; ಅದು ಬಿಸಿಲಿಗೆ ಗಟ್ಟಿ, ಆದರೆ ಅದರ ಪ್ರತಿ ಭಾಗವೂ ವಿಷ. ಮಕ್ಕಳಿರುವ ಮನೆಗೆ ಸಲ್ಲದು. ಆಲ, ಅರಳಿ ಮಾಳಿಗೆಗೆ ಬೇಡವೇ ಬೇಡ, ಬೇರು ಗೋಡೆಯ ಬಿರುಕು ಹುಡುಕಿಕೊಂಡು ಹೋಗುತ್ತದೆ.

ಭಾರದ ಲೆಕ್ಕ ಯಾರೂ ಹಾಕುವುದಿಲ್ಲ. ಅರ್ಧ ಡ್ರಮ್ ತುಂಬಿ ನೀರು ಕುಡಿದಾಗ ಸುಮಾರು 140 ಕಿಲೊ. ಜನ ಓಡಾಡುವ ಸಿಮೆಂಟ್ ಮಾಳಿಗೆಗೆ ಭಾರತೀಯ ಮಾನಕ (ಐಎಸ್ 875) ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೊ. ಡ್ರಮ್ಮು ತನ್ನ ಭಾರವನ್ನೆಲ್ಲ ಅದಕ್ಕಿಂತ ಸಣ್ಣ ಜಾಗದ ಮೇಲೆ ಹೇರುತ್ತದೆ. ಆದ್ದರಿಂದ ಡ್ರಮ್ಮುಗಳನ್ನು ಕೆಳಗೆ ಗೋಡೆ ಅಥವಾ ತೊಲೆ ಇರುವ ಸಾಲಿನ ಮೇಲೆ, ದೂರದೂರ ಇಡಬೇಕು. ಹಳೆಯ ಕಲ್ಲುಹಾಸಿನ ಅಥವಾ ಮಣ್ಣಿನ ಮಾಳಿಗೆಯಾದರೆ ಡ್ರಮ್ಮಿನ ಯೋಚನೆಯನ್ನೇ ಬಿಡಿ. ಸಣ್ಣ ಕುಂಡಗಳನ್ನು ಗುಂಪು ಮಾಡುವಾಗಲೂ ಇದು ನೆನಪಿರಲಿ.

ಕಿಟಕಿ ಪೆಟ್ಟಿಗೆಗೂ ಇದೇ ಮಾತು. ಮೂರು ಅಡಿ ಉದ್ದ, ಎಂಟಿಂಚು ಅಗಲ, ಎಂಟಿಂಚು ಆಳದ ಪೆಟ್ಟಿಗೆಯಲ್ಲಿ ಸುಮಾರು 38 ಲೀಟರ್ ಹಿಡಿಯುತ್ತದೆ. ನಾರಿನ ಪುಡಿ ಹೆಚ್ಚಿದ್ದರೂ ತೊಯ್ದಾಗ 40 ಕಿಲೊ. ಗೋಡೆಯಿಂದ ಚಾಚಿದ ಸಜ್ಜಾ ಹಾಸಿನ ತುದಿಗೆ ಇಟ್ಟರೆ ಮೇ ತಿಂಗಳ ಗಾಳಿಮಳೆಗೆ ಬೀದಿಯವರ ತಲೆಯ ಮೇಲೆ ಬೀಳುತ್ತದೆ. ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಎಲ್ ಆಂಗಲ್ ಮೇಲೆ ಕೂರಿಸಿ, ತಂತಿಯಿಂದ ಸರಳಿಗೆ ಬಿಗಿಯಿರಿ. ಪೂರ್ವದ ಕಿಟಕಿಗೆ ದುಂಡುಮಲ್ಲಿಗೆ, ತುಳಸಿ ಆಗುತ್ತವೆ. ಪಶ್ಚಿಮದ ಕಿಟಕಿಯಲ್ಲಿ ಸದಾಬಹಾರ್ (ನಿತ್ಯಪುಷ್ಪ), ಮುಳ್ಳಿನ ಯುಫೋರ್ಬಿಯಾ ಬಿಟ್ಟು ಬೇರೇನೂ ಉಳಿಯುವುದು ಕಷ್ಟ. ಕೆಳಗಿನ ತಟ್ಟೆಯ ನೀರನ್ನು ವಾರದೊಳಗೆ ಚೆಲ್ಲದಿದ್ದರೆ ಡೆಂಗಿ ಸೊಳ್ಳೆ ಮರಿ ಮಾಡುತ್ತದೆ.

ಎರಡು ಮೂರು ವರ್ಷಕ್ಕೊಮ್ಮೆ ಗಿಡ ಹೊರತೆಗೆದು, ಬೇರಿನ ಗಡ್ಡೆಯ ಸುತ್ತಲೂ ತಳದಲ್ಲೂ ಒಂದೂವರೆ ಇಂಚು ಕೊಯ್ದು, ಮೇಲೆಯೂ ಮೂರನೇ ಒಂದು ಭಾಗ ಸವರಿ ಹೊಸ ಮಣ್ಣಿಗೆ ಹಾಕಬೇಕು. ಇದಕ್ಕೂ ಹೊಸ ಗಿಡ ನೆಡಲಿಕ್ಕೂ ಕಾಲ ಒಂದೇ: ಮಿರಗ ಸುರಿದು ಮೋಡ ಕಟ್ಟಿದ ಮೇಲೆ. ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ, ಮಾರ್ಚಿನಲ್ಲಿ ನೆಟ್ಟ ಗಿಡಕ್ಕೆ ಬೇರೂರಲು ಸಮಯವೇ ಸಿಗುವುದಿಲ್ಲ.

ಕೊನೆಗೆ ಒಂದು ಬೇಡಿಕೆ. ನಮ್ಮ ಭಾಗದ ಎಷ್ಟೋ ನರ್ಸರಿಗಳು ಸಸಿ ಚೀಲಕ್ಕೆ ಎರೆಮಣ್ಣನ್ನೇ ತುಂಬುತ್ತವೆ. ಅಂಥ ಸಸಿಯನ್ನು ಕೆಂಪು ಮಣ್ಣಿಗೆ ಹಾಗೇ ಇಟ್ಟರೆ ಎರೆಯ ಗಡ್ಡೆ ಒಣಗಿ ಕುಗ್ಗಿ, ಸುತ್ತಲಿನ ನೀರು ಅದಕ್ಕೆ ಇಳಿಯುವುದೇ ಇಲ್ಲ. ಕೊಂಡವರು ಗಡ್ಡೆಯನ್ನು ಬಕೆಟ್ ನೀರಿನಲ್ಲಿ ಅದ್ದಿ ಹೊರಗಿನ ಒಂದಿಂಚು ಮಣ್ಣು ಸಡಿಲಿಸಿ, ಸುತ್ತು ಹಾಕಿದ ಬೇರನ್ನು ಕತ್ತರಿಸಿಯೇ ನೆಡಬೇಕು. ತೋಟಗಾರಿಕೆ ಇಲಾಖೆ ತನ್ನ ನರ್ಸರಿಗಳಲ್ಲಿ ಮನೆಯವರಿಗೆ ಮಾರುವ ಸಸಿಗಳನ್ನಾದರೂ ಕೆಂಪು ಮಣ್ಣಿನ ಮಿಶ್ರಣದಲ್ಲಿ ಬೆಳೆಸಿ, ಮಾರ್ಚಿನ ಬದಲು ಜೂನ್ ಎರಡನೇ ವಾರದಿಂದ ಮಾರಾಟಕ್ಕೆ ಇಡಲಿ. ಪುರವಣಿಯ ಕೈತೋಟದ ಅಂಕಣಕ್ಕೆ ಬೀದರಿನ ತೋಟಗಾರಿಕೆ ಮಹಾವಿದ್ಯಾಲಯದವರಿಂದಲೂ ಬರೆಸಿ.

– ಓದುಗ, ಬ್ರಹ್ಮಪುರ, ಕಲಬುರಗಿ