ಅಂಪೈರ್ ಮೇಲೆ ಸಿಟ್ಟಾದ ಅಳಿಯನಿಗೆ

ಗಂಗಾವತಿ

ಪ್ರೀತಿಯ ಅಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಬೇಸಿಗೆ ಭತ್ತದ ಕೊಯ್ಲು ಮುಗಿಯಿತು. ನಿನ್ನವ್ವ ಫೋನ್ ಮಾಡಿದ್ದಳು. ಚೆಂಡು ಬ್ಯಾಟ್ಸ್‌ಮನ್ ಕಾಲಿಗೆ ಬಡಿದ ಒಂದು ಎಲ್‌ಬಿಡಬ್ಲ್ಯು ತೀರ್ಪಿನ ವಿಚಾರಕ್ಕೆ ರೂಮಿನ ಗೆಳೆಯನ ಜೊತೆ ಮಾತು ಬಿಟ್ಟು ಎಂಟು ದಿನ ಆಯಿತಂತೆ. ಅವನು ಗದ್ವಾಲ್ ಕಡೆಯ ಹುಡುಗ, ಹೈದರಾಬಾದ್ ಅಭಿಮಾನಿ. ನೀನೋ ಆರ್‌ಸಿಬಿ. ರಾಯಚೂರಿನಲ್ಲಿ ಇಂಥ ಜೋಡಿ ಹೊಸದೇನಲ್ಲ ಬಿಡು. ಆದರೆ "ಅವನು ಕಣ್ಣಾರೆ ನೋಡಿಯೂ ಸುಳ್ಳು ಹೇಳ್ತಾನೆ" ಅಂದೆಯಂತಲ್ಲ, ಅದಕ್ಕೇ ಈ ಪತ್ರ.

ಅವನು ಸುಳ್ಳು ಹೇಳುತ್ತಿಲ್ಲಪ್ಪಾ. ಅವನಿಗೆ ಹಾಗೇ ಕಂಡಿದೆ.

1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಅವರ ಥರದ ಫುಟ್‌ಬಾಲ್ ಪಂದ್ಯ ನಡೆಯಿತು. ಒಬ್ಬನ ಮೂಗು ಮುರಿಯಿತು, ಎದುರಿನ ತಂಡದವನೊಬ್ಬನ ಕಾಲು ಮುರಿಯಿತು. ಹ್ಯಾಸ್ಟಾರ್ಫ್, ಕ್ಯಾಂಟ್ರಿಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಆ ಪಂದ್ಯದ ಫಿಲ್ಮನ್ನು ಎರಡೂ ಕಾಲೇಜಿನ ಹುಡುಗರಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತಿಸಿ ಅಂದರು. ಡಾರ್ಟ್‌ಮತ್ ತಂಡದ ತಪ್ಪುಗಳು ಡಾರ್ಟ್‌ಮತ್ ಹುಡುಗರಿಗೆ ಕಂಡದ್ದರ ಎರಡು ಪಟ್ಟಿಗಿಂತ ಜಾಸ್ತಿ ಪ್ರಿನ್ಸ್‌ಟನ್ ಹುಡುಗರ ಕಣ್ಣಿಗೆ ಬಿದ್ದವು. ಫಿಲ್ಮ್ ಒಂದೇ!

ನಿಮ್ಮ ಜಗಳ 'ಅಂಪೈರ್ಸ್ ಕಾಲ್' ಬಗ್ಗೆ ಅಲ್ವಾ? ಟಿವಿಯ ರಿವ್ಯೂ ಚಿತ್ರದಲ್ಲಿ ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಸ್ಟಂಪ್‌ಗೆ ತಾಗುವಂತಿದ್ದರೆ, ಮೈದಾನದ ಅಂಪೈರ್ ಮೊದಲು ಹೇಳಿದ್ದೇ ಉಳಿಯುತ್ತದೆ. ಹಾಗಾಗಿ ಅದೇ ಚಿತ್ರ ಒಮ್ಮೆ ಔಟ್, ಇನ್ನೊಮ್ಮೆ ನಾಟೌಟ್. ಎರಡೂ ಸಲ ಯಾರೋ ಒಬ್ಬರಿಗೆ ಮೋಸ ಆದಂತೆ ಅನ್ನಿಸಲೇಬೇಕು.

ಅಂಪೈರ್ ತಪ್ಪೇ ಮಾಡುವುದಿಲ್ಲ ಅಂತಲ್ಲ. 2019ರಲ್ಲಿ ಬೆಂಗಳೂರಿನಲ್ಲಿ ಮುಂಬೈ ವಿರುದ್ಧದ ಪಂದ್ಯ. ಮಲಿಂಗ ಹಾಕಿದ ಕೊನೆಯ ಚೆಂಡು ನೋಬಾಲ್ ಆಗಿತ್ತು, ಅಂಪೈರ್ ನೋಡಲಿಲ್ಲ, ನಿಮ್ಮವರು 6 ರನ್ನಿಂದ ಸೋತರು. ಮುಂದಿನ ವರ್ಷದಿಂದ ಐಪಿಎಲ್‌ನಲ್ಲಿ ಗೆರೆ ದಾಟಿದ ನೋಬಾಲ್ ನೋಡುವ ಕೆಲಸ ಟಿವಿ ಅಂಪೈರ್ ಪಾಲಿಗೆ ಹೋಯಿತು. ಇದನ್ನು ನೀನು ನನಗೆ ಹತ್ತು ಸಲವಾದರೂ ಹೇಳಿದ್ದೀಯ. ಈಗ ಆರ್‌ಸಿಬಿಗೆ ಲಾಭವಾದ ಒಂದು ತಪ್ಪು ತೀರ್ಪು ಹೇಳು ನೋಡೋಣ. ನೆನಪಿಗೆ ಬರಲ್ಲ, ಅಲ್ವಾ? ಅಡತಿ ಅಂಗಡಿಯವನು ಬರಬೇಕಾದ್ದನ್ನಷ್ಟೇ ಬರೆದಿಟ್ಟು, ಕೊಡಬೇಕಾದ್ದನ್ನು ಬಿಟ್ಟರೆ ಅವನ ಪುಸ್ತಕವನ್ನು ಯಾರು ನಂಬುತ್ತಾರೆ?

ಮುಂದಿನ ಸಲ ರೀಪ್ಲೇ ಬಂದಾಗ ಆ ಬ್ಯಾಟ್ಸ್‌ಮನ್ ಎದುರಿನ ತಂಡದವನು ಅಂದುಕೊಂಡು ನೋಡು. ಸುಲಭ ಅಲ್ಲ. ನನಗಂತೂ ಒಮ್ಮೆ ಆಗಲಿಲ್ಲ, ಅದೂ ಸೀಟಿ ನನ್ನ ಬಾಯಲ್ಲೇ ಇದ್ದಾಗ.

ಮೂವತ್ತು ವರ್ಷದ ಹಿಂದಿನ ಮಾತು. ಜಾತ್ರೆ ಕಬಡ್ಡಿಗೆ ನಾನೇ ಅಂಪೈರ್. ನಮ್ಮೂರಿಗೂ ಕಾರಟಗಿಗೂ ಪಂದ್ಯ. ನಮ್ಮ ಹುಡುಗ ರೈಡ್ ಹೋಗಿ ಬೋನಸ್ ಗೆರೆ ದಾಟಿಸಿ ಕಾಲಿಟ್ಟ. ಹಿಂದಿನ ಕಾಲು ಗಾಳಿಯಲ್ಲಿದ್ದರೆ ಮಾತ್ರ ಪಾಯಿಂಟ್. ಮಂದಿ ಎಲ್ಲಾ "ಬೋನಸ್!" ಅಂತ ಒಮ್ಮೆಲೇ ಕೂಗಿದರು. ಕೊಟ್ಟುಬಿಟ್ಟೆ. ಒಂದೇ ಪಾಯಿಂಟಿನಿಂದ ಗೆದ್ದೆವು. ಕಾರಟಗಿ ಕ್ಯಾಪ್ಟನ್ ಏನೂ ಅನ್ನಲಿಲ್ಲ, ನನ್ನ ಮುಖ ನೋಡಿ ಹೋದ.

ಗದ್ದಲ ರೆಫರಿಯ ಕಿವಿಗೆ ಬಿದ್ದರೆ ಏನಾಗುತ್ತದೆ ಎಂದು ಇಂಗ್ಲೆಂಡಿನಲ್ಲಿ ಪರೀಕ್ಷೆ ಮಾಡಿ 2002ರಲ್ಲಿ ಬರೆದಿದ್ದಾರೆ. 40 ಫುಟ್‌ಬಾಲ್ ರೆಫರಿಗಳಿಗೆ ಒಂದೇ ವಿಡಿಯೊ, ಕೆಲವರಿಗೆ ಪ್ರೇಕ್ಷಕರ ಸದ್ದಿನೊಂದಿಗೆ, ಕೆಲವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ಊರಿನ ತಂಡದ ಮೇಲೆ ಸುಮಾರು ಶೇ. 15ರಷ್ಟು ಕಡಿಮೆ ಫೌಲ್ ಕೊಟ್ಟರು. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆದರೂ ಕಣ್ಣು ಮುಚ್ಚಿದರೆ ಆ ಕಾಲು ಗಾಳಿಯಲ್ಲೇ ಕಾಣುತ್ತದೆ ನೋಡು. ನಿಮ್ಮ ಅತ್ತೆ ಆಗ ಇನ್ನೂ ಕಾರಟಗಿಯ ಹುಡುಗಿ, ನೆಂಟರ ಮಾಳಿಗೆ ಮೇಲಿಂದ ಆ ಪಂದ್ಯ ನೋಡಿದವಳು. ಕಾಲು ನೆಲದ ಮೇಲೇ ಇತ್ತು ಅಂತ ಅವಳ ವಾದ. ಮದುವೆಯಾದ ಮೇಲೂ ಬಿಟ್ಟಿಲ್ಲ.

ಇವತ್ತು ನಿನ್ನ ಗೆಳೆಯನನ್ನು ಕರೆದುಕೊಂಡು ಹೋಗಿ ಒಗ್ಗರಣಿ-ಮಿರ್ಚಿ ತಿನ್ನಿಸು. ದುಡ್ಡು ನಾನು ಕಳಿಸುತ್ತೇನೆ.

ಈ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ನೆಲ ತೋರಿಸಿ, "ಇಲ್ಲಿತ್ತು ಕಾಲು, ಬರೀರಿ" ಅಂದಳು. ಬರೆದಿದ್ದೇನೆ.

ನಿನ್ನ ಮಾವ