ಧರೆ ಕಡಿಯುವ ಮೊದಲು

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಗುಡ್ಡದ ಮೇಲೆ ಆ ಅಮ್ಮ-ಮಗನಿಗೆ ಕಟ್ಟುವ ಮನೆಗೆ ನೀನು ಬರೆದು ವಾಟ್ಸಾಪಿನಲ್ಲಿ ಕಳಿಸಿದ ನಕ್ಷೆ ಮೊಬೈಲಿನಲ್ಲಿ ಕಣ್ಣಿಗೆ ಹಿಡಿಯಲಿಲ್ಲ. ಹೊಸನಗರಕ್ಕೆ ಹೋಗಿ ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದೆ. ನಿನ್ನ ಅತ್ತೆ ಅದನ್ನು ಜಗಲಿಯಲ್ಲಿ ಹರಡಿಕೊಂಡು ನೋಡಿ, “ಚೆಂದ ಇದೆ. ಒದ್ದೆ ಬಟ್ಟೆ ಎಲ್ಲಿ ಹರವೋದು?” ಎಂದಳು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಜಾಗದ ವಿಷಯ.

ನೀನು ಆ ಗುಡ್ಡ ನೋಡಿದ್ದು ಫೆಬ್ರವರಿಯಲ್ಲಿ. ನಾನು ಹೋಗಿದ್ದು ಮೊನ್ನೆ, ಆರಿದ್ರೆ ಮಳೆ ಹಿಡಿದ ಮೂರನೇ ದಿನ. ನೀನು ಅಡುಗೆಮನೆ ಬರೆದಿರುವ ಕಡೆ, ನೇರಳೆ ಮರದ ಬುಡದಲ್ಲಿ, ಹೆಬ್ಬೆರಳು ಗಾತ್ರದ ಒರತೆ ಎದ್ದಿದೆ. ಬೇಸಿಗೆಯಲ್ಲಿ ಅದರ ಸುಳಿವೂ ಇರುವುದಿಲ್ಲ. ಲೆವೆಲ್ ಹಿಡಿದು ಸರ್ವೆ ಮಾಡಿದವನ ಹಾಳೆಯಲ್ಲಿ ಗುಡ್ಡದ ಏರಿಳಿತ ಬರುತ್ತದೆ, ಗುಡ್ಡದೊಳಗಿನ ನೀರು ಬರುವುದಿಲ್ಲ.

ಅಲ್ಲಿ ಗುಡ್ಡ ನಾಲ್ಕಡಿಗೆ ಒಂದಡಿ ಇಳಿಯುತ್ತದೆ. ಅಂಗಳ ಸೇರಿ ನಿನ್ನ ನಕ್ಷೆಯ ಮನೆ ಹಿಂದಿನಿಂದ ಮುಂದಕ್ಕೆ 56 ಅಡಿ. ಅಷ್ಟನ್ನೂ ಸಪಾಟು ಮಾಡಿದರೆ ಹಿಂದೆ 14 ಅಡಿ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ನಿಲ್ಲುತ್ತದೆ. ಪಕ್ಕದ ರಸ್ತೆಗೆ ಕಡಿದ ಧರೆ ನೋಡಿದೆ: ಮೇಲೆ ಆರೇಳು ಅಡಿ ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಶೇಡಿ ಬೇಸಿಗೆಯಲ್ಲಿ ಪಿಕಾಸಿಗೂ ಜಗ್ಗುವುದಿಲ್ಲ, ನೀರು ಕುಡಿದರೆ ಬೆಣ್ಣೆ. ಕೆಳಗಿನ ಬೆಣ್ಣೆ ಕರಗಿ ಹೋದರೆ ಮೇಲಿನ ಕಲ್ಲು ಯಾವ ನಂಬಿಕೆಯ ಮೇಲೆ ನಿಲ್ಲಬೇಕು?

ಇದನ್ನು ನಾನು ಓದಿ ಕಲಿತದ್ದಲ್ಲ. ಕಂಟ್ರಾಕ್ಟು ಶುರು ಮಾಡಿದ ಮೂರನೇ ವರ್ಷ ಒಬ್ಬರ ಮನೆಗೆ 12 ಅಡಿ ಧರೆ ನೆಟ್ಟಗೆ ಕಡಿಸಿದ್ದೆ. ಧರೆಗೂ ಗೋಡೆಗೂ ನಡುವೆ ನಾಲ್ಕೇ ಅಡಿ. ಆಶ್ಲೇಷ ಮಳೆಯ ಒಂದು ಬೆಳಗಿನ ಜಾವ ಅದು ಜರಿದು ಅಡುಗೆಮನೆಯೊಳಗೆ ಬಂತು. ಆ ಮನೆಯ ಅಜ್ಜಿ ಅರ್ಧ ಗಳಿಗೆ ಮೊದಲು ಬಚ್ಚಲೊಲೆಗೆ ಬೆಂಕಿ ಹಾಕಲು ಎದ್ದು ಹೋಗಿದ್ದರು, ಅದಕ್ಕೆ ಉಳಿದರು. ನಾನು ಹೋದಾಗ ಒಲೆಕಟ್ಟೆಯ ಮೇಲೆ ಹಾಲಿನ ಪಾತ್ರೆ ಹಾಗೇ ಇತ್ತು, ಅದರ ತುಂಬ ಕೆಂಪು ಮಣ್ಣು. ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೋ ಏನೋ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಎರಡಂತಸ್ತಿನ ಮನೆ ಇಳಿಜಾರಿನಲ್ಲಿ ಜಾರಿಹೋದ ವಿಡಿಯೊವನ್ನು ಎಲ್ಲರೂ ಒಬ್ಬರಿಗೊಬ್ಬರು ಕಳಿಸಿಕೊಂಡರು. ನನಗೆ ಅದನ್ನು ಎರಡನೇ ಸಲ ನೋಡಲಾಗಲಿಲ್ಲ.

ಹಾಗಾಗಿ ಮನೆಯನ್ನು ತಿರುಗಿಸು. ಗುಡ್ಡದ ಅಡ್ಡಕ್ಕೆ ಉದ್ದ ಮಾಡು, ಅಗಲ 20 ಅಡಿ ಸಾಕು. ಆಗ ಇಳಿಜಾರು ಐದೇ ಅಡಿ. ಹಿಂದೆ ಎರಡೂವರೆ ಅಡಿ ಕಡಿ, ಮುಂದೆ ಪಾಯ ಎರಡೂವರೆ ಅಡಿ ಎತ್ತರಿಸು. ಆದರೆ ತುಂಬಿದ ಮಣ್ಣಿನ ಮೇಲೆ ಗೋಡೆ ನಿಲ್ಲಿಸಬೇಡ, ಪಾಯ ಗಟ್ಟಿ ನೆಲಕ್ಕೇ ಇಳಿಯಬೇಕು. ವಾಸ್ತುಶಿಲ್ಪಿ ಲಾರಿ ಬೇಕರ್ ತಿರುವನಂತಪುರದ ನಾಲಂಚಿರದಲ್ಲಿ ತಮಗಾಗಿ ಕಟ್ಟಿಕೊಂಡ ಮನೆಯನ್ನು ನೀನು ಕಾಲೇಜಿನ ಟೂರಿನಲ್ಲಿ ನೋಡಿ ಬಂದು ಒಂದು ವಾರ ಅದನ್ನೇ ಹೇಳುತ್ತಿದ್ದೆ. ಅವರು ಬಂಡೆಗುಡ್ಡವನ್ನು ಸಪಾಟು ಮಾಡಲು ಹೋಗಲಿಲ್ಲ, ಮನೆಯೇ ಗುಡ್ಡದ ಜೊತೆ ಹತ್ತಿ ಇಳಿಯಿತು. ಇಲ್ಲಿ ಮಾತ್ರ ಹಾಗೆ ಹತ್ತಿ ಇಳಿಯುವ ಮನೆಯೂ ಬೇಡ. ಯಾಕೆಂದರೆ ಅಲ್ಲಿರುವವರು ಮಂಡಿನೋವಿನ ಅಮ್ಮ. ಅವರ ಕೋಣೆ, ಬಚ್ಚಲು, ಅಡುಗೆಮನೆ, ಜಗಲಿ ಒಂದೇ ಮಟ್ಟದಲ್ಲಿ ಸಾಲಾಗಿ ಬರಲಿ. ಮೆಟ್ಟಿಲು ಹತ್ತುವುದೇನಿದ್ದರೂ ಮಗ ಸೊಸೆಯ ಪಾಲಿಗಿರಲಿ. ಅಡಿಕೆ ಒಣಗಿಸುವ ಅಂಗಳ ಮನೆಗೆ ಅಂಟಿಕೊಂಡಿರಬೇಕೆಂದಿಲ್ಲ, ಕೆಳಗೆ ಬೇರೆ ಹಂತದಲ್ಲಿ ಆಗುತ್ತದೆ. ಜಗಲಿಯಲ್ಲಿ ಕೂತೇ ಮಂಗ ಬಂತೋ ಇಲ್ಲವೋ ಎಂದು ಅವರು ನೋಡಿಕೊಳ್ಳಬಹುದು.

ನೀರಿನದು ಒಂದು ಲೆಕ್ಕ. 1,500 ಚದರಡಿ ಸೂರು ಅಂದರೆ ಸುಮಾರು 140 ಚದರ ಮೀಟರ್. ಒಂದು ದಿನಕ್ಕೆ 200 ಮಿ.ಮೀ. ಮಳೆ ಬಿದ್ದರೆ (ನಮ್ಮ ಕಡೆ ಅದೇನು ವಿಶೇಷವಲ್ಲ) ಸೂರಿನಿಂದ 28,000 ಲೀಟರ್ ಇಳಿಯುತ್ತದೆ. ನೀನು ಅದನ್ನೆಲ್ಲ ಮನೆಯ ಹಿಂದೆ ಇಂಗುಗುಂಡಿಗೆ ಬಿಟ್ಟಿದ್ದೀಯ. ಬೆಂಗಳೂರಿನಲ್ಲಿ ಅದು ಪುಣ್ಯದ ಕೆಲಸ. ಶೇಡಿ ಇರುವ ಇಳಿಜಾರಿನಲ್ಲಿ ನಾವೇ ಕೈಯಾರೆ ಧರೆಗೆ ನೀರು ಕುಡಿಸಿದಂತೆ. ಮನೆಯ ಮೇಲ್ಗಡೆ ಒಂದು ಅಗಳು (ಉದ್ದನೆಯ ಕಾಲುವೆ) ತೆಗೆಸಿ ಗುಡ್ಡದ ನೀರನ್ನು ಎರಡೂ ಪಕ್ಕಕ್ಕೆ ತಿರುಗಿಸು, ಸೂರಿನ ನೀರನ್ನು ಹಳ್ಳಕ್ಕೆ ಮುಟ್ಟಿಸು. ಒರತೆಗೆ ಮಾತ್ರ ಕೈ ಹಚ್ಚಬೇಡ, ಅದರ ದಾರಿ ಅದಕ್ಕಿರಲಿ.

ಪಶ್ಚಿಮದ ಗಾಜಿನ ಗೋಡೆಯ ವಿಷಯ ಸಿಟ್ಟಾಗದೆ ಕೇಳು. ಮಳೆಯೂ ಗಾಳಿಯೂ ಬಂದು ಬಡಿಯುವುದು ಅದೇ ದಿಕ್ಕಿನಿಂದ. ಹಳಬರು ಆ ಕಡೆಯ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಸುಮ್ಮನಲ್ಲ. ನಾಲ್ಕು ತಿಂಗಳು ಗಾಜಿನಾಚೆ ಬಿಳಿ ಮಂಜು ಬಿಟ್ಟರೆ ಬೇರೇನೂ ಕಾಣದು. ಸೂರ್ಯಾಸ್ತ ಬೇಕು ಅಂದದ್ದು ಮಗ, ಅವನು ಬರುವುದು ರಜೆಗೆ. ಅಮ್ಮನನ್ನು ಯಾರೂ ಕೇಳಿಲ್ಲ. ನಾನು ಕಾಫಿ ಕುಡಿಯುತ್ತ ಕೇಳಿದೆ. “ನಂಗೆ ರಸ್ತೆ ಕಾಣ್ಬೇಕು ಮಾರಾಯ್ರೆ. ಯಾರು ಬಂದ್ರು, ಯಾರು ಹೋದ್ರು ಗೊತ್ತಾಗ್ಬೇಕಲ್ಲ” ಅಂದರು. ರಸ್ತೆ ಇರುವುದು ಪೂರ್ವಕ್ಕೆ. ನಿನ್ನ ನಕ್ಷೆಯಲ್ಲಿ ಆ ಕಡೆ ಟಾಯ್ಲೆಟ್ ಇದೆ.

ಎಂಥ ಮನೆ ಬೇಕು ಎಂದು ಕೇಳಿದರೆ ಜನ ಫೋನಿನಲ್ಲಿ ಚಿತ್ರ ತೋರಿಸುತ್ತಾರೆ, ಅದು ಅವರ ತಪ್ಪಲ್ಲ. ಬೆಳಗ್ಗೆ ಎದ್ದು ಮೊದಲು ಯಾವ ಬಾಗಿಲು ತೆಗೆಯುತ್ತೀರಿ, ತೋಟದಿಂದ ಬಂದು ಗಂಬೂಟು ಎಲ್ಲಿ ಬಿಚ್ಚುತ್ತೀರಿ, ಕಾಲಿಗೆ ಹತ್ತಿದ ಇಂಬಳ (ಜಿಗಣೆ) ಎಲ್ಲಿ ಕೀಳುತ್ತೀರಿ ಎಂದು ಕೇಳು. ಅತ್ತೆಯ ಬಟ್ಟೆ ಪ್ರಶ್ನೆಯೂ ಇದೇ ಜಾತಿಯದು. ಬಚ್ಚಲೊಲೆಯ ಮೇಲೆ ಸೂರು ಸ್ವಲ್ಪ ಎತ್ತರಿಸಿ ನಾಲ್ಕು ಗಳ ಕಟ್ಟಲು ಜಾಗ ಬಿಡು. ಹಂಡೆಯ ಬಿಸಿಗೆ ಬಟ್ಟೆ ಒಣಗುತ್ತದೆ, ಹೊಗೆಯ ವಾಸನೆ ಸ್ವಲ್ಪ ಬರುತ್ತದೆ, ಬರಲಿ.

ಪುಷ್ಯ ಮಳೆಗೆ ನಾಲ್ಕು ದಿನ ರಜೆ ಹಾಕಿ ಬಾ. ಎರಡು ದಿನ ಆ ಅಮ್ಮ ಈಗಿರುವ ಮನೆಯಲ್ಲೇ ಇದ್ದು ನೋಡು, ನಾನು ಹೇಳಿಟ್ಟಿದ್ದೇನೆ. ಟೇಪು, ಲೆವೆಲ್ ಪೈಪು ಅಟ್ಟದ ಮೇಲಿವೆ. ಅತ್ತೆ ಪತ್ರೊಡೆಗೆ ಕೆಸು ನೋಡಿಟ್ಟಿದ್ದಾಳೆ. ಒರತೆಯ ಪಕ್ಕ ಒಂದು ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿ ಬಂದಿದ್ದೇನೆ, ನೀನು ಬರುವುದರೊಳಗೆ ಜೆಸಿಬಿಯವನು ಬಂದರೆ ಅದಾದರೂ ಕಣ್ಣಿಗೆ ಬೀಳಲಿ. ಅವನಿಗೆ ಇವತ್ತೇ ಫೋನ್ ಮಾಡಿ ನಿಲ್ಲಿಸು.

ಇತಿ,
ನಿನ್ನ ಮಾವ