ಮೊದಲು ಬೆಟ್ಟ, ಆಮೇಲೆ ಕಡಲು

ಮಾನ್ಯರೇ,

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಬಂದ ಮೇಲೆ ಹೊಸ ಜೋಡಿಗಳು ಬೀಚು, ದೇವಸ್ಥಾನಗಳಿಗಷ್ಟೇ ಸುಮ್ಮನಾಗದೆ ‘ಅಡ್ವೆಂಚರ್ ಹನಿಮೂನ್’ ಕೇಳುತ್ತಿದ್ದಾರೆ. ಅಂಥ ಪ್ಯಾಕೇಜುಗಳಲ್ಲಿ ತುಲಾಂಬೆನ್‌ನ ಸ್ಕೂಬಾ ಡೈವಿಂಗ್ ಮತ್ತು ಬಾತುರ್ ಜ್ವಾಲಾಮುಖಿಯ ಮೇಲಿನ ಸೂರ್ಯೋದಯ ಸಾಮಾನ್ಯ. ಎರಡೂ ಚೆಂದವೇ. ತಕರಾರಿರುವುದು ಅವುಗಳ ಕ್ರಮದ ಬಗ್ಗೆ. ಮಧ್ಯಾಹ್ನ ನೀರಿಗಿಳಿಸಿ, ಅದೇ ರಾತ್ರಿ 2 ಗಂಟೆಗೆ ಎಬ್ಬಿಸಿ ಬೆಟ್ಟ ಹತ್ತಿಸುವ ವೇಳಾಪಟ್ಟಿ ಅಪಾಯಕಾರಿ.

ಗೋಲಿ ಸೋಡಾದ ಗೋಲಿ ಒತ್ತಿದ ಕೂಡಲೇ ಬುಸ್ಸೆಂದು ಗುಳ್ಳೆ ಏಳುವುದನ್ನು ನೋಡಿದವರಿಗೆ ಕಾರಣ ಹೇಳುವುದು ಸುಲಭ. ನಾವು ಉಸಿರಾಡುವ ಗಾಳಿಯಲ್ಲಿ ಶೇ 78ರಷ್ಟು ಸಾರಜನಕ. ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟಾಗುತ್ತದೆ, ಸಾರಜನಕ ರಕ್ತದಲ್ಲೂ ಕೊಬ್ಬಿನಲ್ಲೂ ಹೆಚ್ಚು ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನ ಜೊತೆ ಹೊರಹೋಗುತ್ತದೆ. ಅದಕ್ಕೇ ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದು, 5 ಮೀಟರ್ ಆಳದಲ್ಲಿ 3 ನಿಮಿಷ ತಡೆದು ನಿಲ್ಲಬೇಕು ಎಂಬ ರೂಢಿ. ಆದರೆ ನೀರಿನಿಂದ ಹೊರಬಂದ ಮೇಲೂ ಒಂದಿಷ್ಟು ಸಾರಜನಕ ಗಂಟೆಗಟ್ಟಲೆ ಮೈಯಲ್ಲೇ ಉಳಿದಿರುತ್ತದೆ. ಆಗ ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಇನ್ನೂ ಇಳಿದು, ಕೀಲುಗಳಲ್ಲಿ, ಕೆಲವೊಮ್ಮೆ ಬೆನ್ನುಹುರಿಯಲ್ಲಿ ಗುಳ್ಳೆ ಕಟ್ಟಬಹುದು. ಡೈವರ್‌ಗಳು ಇದನ್ನೇ ‘ಬೆಂಡ್ಸ್’ ಎನ್ನುತ್ತಾರೆ.

ವಿಮಾನದ ವಿಷಯದಲ್ಲಿ ಈ ನಿಯಮ ಬಹುಮಂದಿಗೆ ಗೊತ್ತು: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯಬೇಕು. 24 ಗಂಟೆ ಬಿಟ್ಟರೆ ನಿಶ್ಚಿಂತೆ. ಬೆಟ್ಟಕ್ಕೂ ಇದೇ ಲೆಕ್ಕ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಎಚ್ಚರಿಕೆ ಶುರುವಾಗುವುದೇ ಸುಮಾರು 600 ಮೀಟರಿನಿಂದ. ಬಾತುರ್ ಶಿಖರ 1,717 ಮೀಟರ್. ಅಲ್ಲಿನ ಗಾಳಿಯ ಒತ್ತಡ ಹಾರುವ ವಿಮಾನದ ಒಳಗಿನ ಒತ್ತಡಕ್ಕೆ ಹೆಚ್ಚುಕಡಿಮೆ ಸಮ. ‘ನಾವು ಟ್ರೆಕ್ ಮಾಡಲ್ಲ, ಕಿಂತಾಮಣಿಯಲ್ಲಿ ರೂಮು ಮಾಡಿ ಕಾಫಿ ಕುಡಿಯುತ್ತೇವೆ’ ಎಂದರೂ ತಪ್ಪಿಸಿಕೊಂಡಂತಲ್ಲ. ಆ ಊರಿರುವುದೇ ಸುಮಾರು 1,500 ಮೀಟರ್ ಎತ್ತರದಲ್ಲಿ, ಕೆಳಗಿನ ಕೆರೆಯ ದಂಡೆಯೂ ಸಾವಿರ ಮೀಟರ್ ದಾಟುತ್ತದೆ. ಇನ್ನು ಹತ್ತುವ ಆಯಾಸ ಬೇರೆ. ಡೈವ್ ಆದ ಮೇಲೆ ಮೈ ದಣಿಸಿದಷ್ಟೂ ಗುಳ್ಳೆ ಏಳುವ ಸಂಭವ ಹೆಚ್ಚು.

ಕ್ರಮ ತಿರುವಿಹಾಕಿದರೆ ಸಾಕು, ಖರ್ಚೇನೂ ಏರದು. ಬಾಲಿಗೆ ಇಳಿದ ದಿನ ಉಬುದ್‌ನಲ್ಲಿ ತಂಗಿ, ಮರುದಿನವೋ ಅದರಾಚೆಯ ದಿನವೋ ಬಾತುರ್ ಮುಗಿಸಿಬಿಡಿ. ಹತ್ತಲು ಸುಮಾರು 2 ಗಂಟೆ ಬೇಕು. ಕೊನೆಯ ಏರಿನಲ್ಲಿ ಸಡಿಲ ಕಪ್ಪು ಮರಳು ಜಾರುತ್ತದೆ, ಚಪ್ಪಲಿ ನಡೆಯುವುದಿಲ್ಲ. ತಲೆಗೆ ಕಟ್ಟುವ ಟಾರ್ಚು ಮತ್ತು ಒಂದು ಸ್ವೆಟರ್ ಇರಲಿ. ಆಮೇಲೆ ತುಲಾಂಬೆನ್‌ಗೆ ಇಳಿದು ಎರಡು ದಿನ ಡೈವಿಂಗ್. ವಾಪಸಾಗುವಾಗ ಅಮ್ಲಾಪುರದ ಕಡೆಯ ಕರಾವಳಿ ರಸ್ತೆಯನ್ನೇ ಹಿಡಿಯಿರಿ. ಚಾಲಕ ಬೆಟ್ಟದ ದಾರಿ ಹೇಳಿದರೆ ಒಪ್ಪಬೇಡಿ. ವಿಮಾನಕ್ಕೆ ಮುಂಚಿನ ಪೂರ್ತಿ ಒಂದು ದಿನ ಡೈವ್ ಮಾಡದೆ ತಗ್ಗಿನಲ್ಲೇ ಇರಬೇಕು. ನೀರಿನ ಮೇಲ್ಮೈಯಲ್ಲೇ ಕೊಳವೆಯಲ್ಲಿ ಉಸಿರಾಡುತ್ತ ಈಜುವ ಸ್ನಾರ್ಕೆಲಿಂಗ್‌ಗೆ ಈ ಗಂಟೆಗಳ ಲೆಕ್ಕ ಅನ್ವಯಿಸದು, ಅದನ್ನು ಯಾವ ದಿನಕ್ಕಾದರೂ ಇಟ್ಟುಕೊಳ್ಳಬಹುದು.

ತುಲಾಂಬೆನ್‌ನಲ್ಲಿ ನೋಡುವುದು ‘ಲಿಬರ್ಟಿ’ ಎಂಬ ಅಮೆರಿಕದ ಹಡಗು. 1942ರಲ್ಲಿ ಜಪಾನಿ ಜಲಾಂತರ್ಗಾಮಿಯ ಟಾರ್ಪಿಡೊ ಏಟು ತಿಂದು ಈ ದಡಕ್ಕೆ ಬಂದು ಕೂತಿತ್ತು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು. ದಡದಿಂದ ಕೂಗಳತೆಯಲ್ಲಿ, ಸುಮಾರು 5ರಿಂದ 30 ಮೀಟರ್ ಆಳದವರೆಗೆ ಹರಡಿಕೊಂಡಿದೆ. ಸಿಲಿಂಡರುಗಳನ್ನು ತಲೆಮೇಲೆ ಹೊತ್ತು ದಡಕ್ಕೆ ತರುವ ಅಲ್ಲಿನ ಹೆಂಗಸರನ್ನು ನೋಡಿದರೆ ನಮ್ಮ ಸಾಹಸದ ಬಗ್ಗೆ ತುಸು ನಾಚಿಕೆಯಾದೀತು. ಮೊದಲ ಸಲ ಇಳಿಯುವವರಿಗೆ 12 ಮೀಟರ್ ಮಿತಿ. ‘ಇನ್ನೂ ಸ್ವಲ್ಪ ಕೆಳಗೆ’ ಎನ್ನುವ ಗೈಡ್ ಒಳ್ಳೆಯ ಗೈಡ್ ಅಲ್ಲ. ದಡವೆಲ್ಲ ಉರುಟು ಕಲ್ಲು, ಬೂಟಿ (ಡೈವಿಂಗಿನ ರಬ್ಬರ್ ಶೂ) ಇಲ್ಲದೆ ಕಾಲಿಡಲಾಗದು. ಹೊಸ ಕಾಲುಂಗುರ ಬೂಟಿಯೊಳಗೆ ಒತ್ತಿ ಗಾಯ ಮಾಡುತ್ತದೆ. ನೀರಿನ ತಂಪಿಗೆ ಬೆರಳು ಸೊರಗಿ ಮದುವೆಯ ಉಂಗುರ ಜಾರಿಹೋಗುವುದೂ ಉಂಟು, ಹೋಟೆಲಿನಲ್ಲೇ ಬಿಟ್ಟು ಬನ್ನಿ. ದಟ್ಟ ಮೀಸೆ ಇದ್ದವರ ಮಾಸ್ಕಿನೊಳಗೆ ನೀರು ಜಿನುಗುತ್ತದೆ. ನೆಗಡಿ ಇದ್ದರೆ ಇಳಿಯಲೇಬೇಡಿ. ಮಾತ್ರೆ ನುಂಗಿ ಇಳಿದವರಿಗೆ ಔಷಧದ ಪ್ರಭಾವ ನೀರೊಳಗೇ ಇಳಿದು, ಮೇಲೆ ಬರುವಾಗ ಕಿವಿಯ ಗಾಳಿ ಸಿಕ್ಕಿಕೊಂಡು ವಿಪರೀತ ನೋಯುತ್ತದೆ. ಗರ್ಭಿಣಿಯರು, ಗರ್ಭ ನಿಂತಿರಬಹುದೆಂಬ ಅನುಮಾನವಿರುವವರು ದಡದಲ್ಲೇ ಉಳಿಯಬೇಕು. ಆರೋಗ್ಯದ ಪ್ರಶ್ನಾವಳಿಯಲ್ಲಿ ಆಸ್ತಮಾ, ಹೃದಯದ ತೊಂದರೆಗಳಿಗೆ ಕಣ್ಣುಮುಚ್ಚಿ ‘ಇಲ್ಲ’ ಎಂದು ಬರೆಯುವುದು ದೊಡ್ಡ ತಪ್ಪು.

ಡೈವ್ ಮುಗಿದ ಸಂಜೆಯೇ ಬಿಗಿಯಾದ ಮಸಾಜ್ ಬೇಡ. ಮರುದಿನ ಭುಜ ನೋಯುತ್ತಿದ್ದರೆ ಅದು ಮಸಾಜಿನದೋ ಗುಳ್ಳೆಯದೋ ತಿಳಿಯುವುದಿಲ್ಲ. ಮೊಣಕೈ, ಭುಜದ ನೋವು, ಜೋಮು, ಚರ್ಮದ ಮೇಲೆ ಕಲೆ, ಅತಿಯಾದ ಸುಸ್ತು, ತಲೆಸುತ್ತು ಇವೆಲ್ಲ ಸಾಮಾನ್ಯವಾಗಿ 24 ಗಂಟೆಯೊಳಗೆ ಕಾಣಿಸಿಕೊಳ್ಳುತ್ತವೆ. ಮಲಗಿಸಿ, ಶುದ್ಧ ಆಮ್ಲಜನಕ ಕೊಡಿಸಿ, ಒತ್ತಡದ ಚೇಂಬರ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಡೆನ್ಪಸಾರ್‌ನ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ, ಹಿಂದೆ ಸಾಂಗ್ಲಾ ಎನ್ನುತ್ತಿದ್ದುದರಲ್ಲಿ, ಅದಿದೆ. ಒಂದು ಸಲದ ಚಿಕಿತ್ಸೆಗೇ ಸಾಮಾನ್ಯವಾಗಿ ಐದು ಗಂಟೆ ಹತ್ತಿರ ಹಿಡಿಯುತ್ತದೆ, ಬಿಲ್ಲೂ ಹಾಗೆಯೇ. ಮಾಮೂಲಿ ಪ್ರವಾಸ ವಿಮೆಗಳು ಹಲವು ಡೈವಿಂಗನ್ನು ಹೊರಗಿಡುತ್ತವೆ. ಪಾಲಿಸಿಯಲ್ಲಿ ‘ಸ್ಕೂಬಾ’ ಎಂಬ ಪದವನ್ನೂ ಆಳದ ಮಿತಿಯನ್ನೂ ಓದಿಯೇ ದುಡ್ಡು ಕಟ್ಟಿ.

ಪ್ಯಾಕೇಜ್ ಮಾರುವವರು ಕೊನೆಯ ಡೈವ್‌ಗೂ ಬೆಟ್ಟಕ್ಕೂ ವಿಮಾನಕ್ಕೂ ನಡುವೆ ಎಷ್ಟು ಗಂಟೆ ಎಂದು ವೇಳಾಪಟ್ಟಿಯಲ್ಲೇ ಅಚ್ಚು ಹಾಕಲಿ. ಒಂದು ಸಾಲಿನ ಕೆಲಸ.

ಬಾಲಿಯವರೆಗೆ ಹೋಗದವರಿಗೂ ಇದು ಬೇಕಾದದ್ದೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಬೆಳಿಗ್ಗೆ 10ಕ್ಕೆ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಒಂದು ಡೈವ್ ಮುಗಿಸಿದವರು ಮಧ್ಯಾಹ್ನದ ಊಟಕ್ಕೇ ಕಾರು ಹತ್ತಿ ಘಟ್ಟ ಏರುವ ಬದಲು ಮುರ್ಡೇಶ್ವರದಲ್ಲೇ ಸಂಜೆ ಕಳೆದು ರಾತ್ರಿ ಬಸ್ಸು ಹಿಡಿಯಲಿ. ಎರಡು ಡೈವ್ ಮಾಡಿದ್ದರೆ ಮರುದಿನ ಹೊರಡಲಿ.

– ಸ್ಕೂಬಾ ತರಬೇತುದಾರರು, ಉತ್ತರ ಕನ್ನಡ